ಗಾಳಿ, ಸಾಯಾ ಮತ್ತು ಬೆಳ್ಳಿತೆರೆ

ಬಳ್ಳಾರಿ ಸೀಮೆಯಲ್ಲಿ ಯಾರಾದರೂ ಕಾರಣವಿಲ್ಲದೆ ಮಂಕಾದರೆ, ಊಟ ಬಿಟ್ಟು ಮೂಲೆ ಹಿಡಿದು ಕೂತರೆ, ಹಿರಿಯರು 'ಗಾಳಿ ಸೋಕಿರಬೇಕು' ಅನ್ನುತ್ತಾರೆ. ಅದೇ ಓಣಿಯ ದಖನಿ ಉರ್ದು ಮಾತಾಡುವ ಮನೆಗಳಲ್ಲಿ ಅದಕ್ಕೆ 'ಸಾಯಾ' ಎಂಬ ಮಾತಿದೆ. ಸಾಯಾ ಎಂದರೆ ನೆರಳು. ಒಂದು ಭಾಷೆ ಗಾಳಿ ಎಂದಿತು, ಇನ್ನೊಂದು ನೆರಳು ಎಂದಿತು. ಎರಡಕ್ಕೂ ಮುಖವಿಲ್ಲ, ಕೈಕಾಲಿಲ್ಲ. ಈ ನಂಬಿಕೆ ಸರಿಯೋ ತಪ್ಪೋ ಎಂಬುದು ಬೇರೆಯೇ ಚರ್ಚೆ. ಇಲ್ಲಿ ನಮ್ಮನ್ನು ಸೆಳೆದದ್ದು ಆ ಎರಡು ಮಾತುಗಳ ಹಿಂದಿರುವ ತಿಳಿವಳಿಕೆ. ಮನುಷ್ಯನನ್ನು ಆಳವಾಗಿ ಕಾಡುವುದು ಕಣ್ಣಿಗೆ ಬಿದ್ದದ್ದಕ್ಕಿಂತ ಹೆಚ್ಚಾಗಿ ಕಂಡೂ ಕಾಣದಂತಿದ್ದದ್ದು ಎಂಬುದನ್ನು ಜನ ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಬಲ್ಲವರಾಗಿದ್ದರು.

ಸಿನಿಮಾದ ಬಂಡವಾಳವೂ ಇವೆರಡೇ. ತೆರೆಯ ಮೇಲೆ ಬೀಳುವ ನೆರಳು ಮತ್ತು ಧ್ವನಿಪೆಟ್ಟಿಗೆಯಿಂದ ಹೊರಟು ಕಿವಿಗೆ ಬಡಿಯುವ ಗಾಳಿಯ ಅಲೆ. ಹೀಗಿರುವಾಗ ಹೆದರಿಸಲೆಂದೇ ತಯಾರಾಗುವ ಚಿತ್ರಗಳಲ್ಲಿ ಬಹುಪಾಲು ನಮ್ಮನ್ನು ಯಾಕೆ ಹೆದರಿಸುವುದಿಲ್ಲ? ಮತ್ತು ಕೆಲವೇ ಕೆಲವು ಚಿತ್ರಗಳು ರಕ್ತವನ್ನೂ ಕೋರೆಹಲ್ಲನ್ನೂ ತೋರಿಸದೆ ವಾರಗಟ್ಟಲೆ ಯಾಕೆ ಕಾಡುತ್ತವೆ? ಈ ಪ್ರಶ್ನೆಯನ್ನಿಟ್ಟುಕೊಂಡು ನಾವು ಒಂದಷ್ಟು ಹಳೆಯ ಹೊಸ ಚಿತ್ರಗಳನ್ನು ಮತ್ತೆ ನೋಡಿದೆವು. ಉತ್ತರ ಬರೀ ಕಲೆಯ ವಿಷಯವಾಗಿ ಉಳಿಯದೆ ನಮ್ಮ ಬೀದಿಯವರೆಗೂ ಬಂದು ನಿಂತಿತು.

ಮೊದಲು ನೆರಳಿನ ಮಾತು. ಬಳ್ಳಾರಿ ತೊಗಲುಗೊಂಬೆಯ ನಾಡು. 2023ರಲ್ಲಿ ತೀರಿಕೊಂಡ ಬೆಳಗಲ್ಲು ವೀರಣ್ಣನವರು ಈ ಕಲೆಯನ್ನು ಹೊರನಾಡುಗಳಿಗೂ ಒಯ್ದವರು. ತೊಗಲುಗೊಂಬೆ ಆಟ ನೋಡಿದವರು ಒಂದು ಸಂಗತಿ ಗಮನಿಸಿರುತ್ತಾರೆ. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದಾಗ ಅದರ ಬಣ್ಣ, ಕಣ್ಣು, ಕಿರೀಟದ ರಂಧ್ರಗಳೆಲ್ಲ ಸ್ಪಷ್ಟವಾಗಿ ಕಾಣುತ್ತವೆ. ಪರದೆಯಿಂದ ಹಿಂದಕ್ಕೆ, ದೀಪದ ಕಡೆಗೆ ಎಳೆದಂತೆಲ್ಲ ನೆರಳು ದೊಡ್ಡದಾಗುತ್ತದೆ, ಅಂಚು ಮಸುಕಾಗುತ್ತದೆ. ರಾಕ್ಷಸ ಬರುವ ಮುನ್ನ ತೆರೆಯ ಮೇಲೆ ಆಡುವ ಆ ಮಸುಕು ಮಕ್ಕಳನ್ನು ತಾಯಿಯ ಮಡಿಲಿಗೆ ತಳ್ಳುತ್ತದೆ. ಗೊಂಬೆ ಪರದೆಗೆ ಅಂಟಿದ ಕೂಡಲೇ ಅವೇ ಮಕ್ಕಳು ನಗಲು ಶುರು ಮಾಡುತ್ತಾರೆ. ಭಯದ ಚಿತ್ರಗಳ ವ್ಯಾಕರಣವೆಲ್ಲ ಈ ಒಂದು ಗೇಣು ಅಂತರದಲ್ಲಿದೆ. ನಿರ್ದೇಶಕ ಗೊಂಬೆಯನ್ನು ಎಷ್ಟು ಹೊತ್ತು ಪರದೆಯಿಂದ ದೂರ ಹಿಡಿದಿರಬಲ್ಲ ಎಂಬುದೇ ಅವನ ಕಸುಬಿನ ಅಳತೆ.

ಹಾಲಿವುಡ್‌ನಲ್ಲಿ ಇದನ್ನು ಚೆನ್ನಾಗಿ ಬಲ್ಲವನಾಗಿದ್ದವನು ನಿರ್ಮಾಪಕ ವಾಲ್ ಲ್ಯೂಟನ್. ಅವನಿಗಾಗಿ ಜಾಕ್ ಟೂರ್ನರ್ ನಿರ್ದೇಶಿಸಿದ 'ಕ್ಯಾಟ್ ಪೀಪಲ್' (1942) ಸಣ್ಣ ಬಂಡವಾಳದ ಚಿತ್ರ. ಅದರಲ್ಲಿ ಹೆಂಗಸೊಬ್ಬಳು ರಾತ್ರಿ ಖಾಲಿ ರಸ್ತೆಯಲ್ಲಿ ನಡೆಯುತ್ತಾಳೆ. ಹಿಂದೆ ಇನ್ನೊಬ್ಬಳ ಹೆಜ್ಜೆಸಪ್ಪಳ. ಒಂದು ಹಂತದಲ್ಲಿ ಹಿಂದಿನ ಹೆಜ್ಜೆಸಪ್ಪಳ ನಿಂತುಬಿಡುತ್ತದೆ. ನೋಡುವವರ ಎದೆ ಬಡಿತ ಏರುವುದು ಸಪ್ಪಳ ಕೇಳಿದಾಗಲ್ಲ, ಅದು ನಿಂತಾಗ. ಮುಂದೇನಾಯಿತೆಂದು ಯೋಚಿಸುವಷ್ಟರಲ್ಲಿ ಬುಸ್ಸೆಂದು ಬ್ರೇಕು ಹಾಕಿಕೊಂಡು ಬಸ್ಸೊಂದು ಬಂದು ನಿಲ್ಲುತ್ತದೆ. ಅಷ್ಟೆ. ಚಿರತೆಯಿಲ್ಲ, ಕೊಲೆಯಿಲ್ಲ. ನಂತರದ ಸಿನಿಮಾದವರು ಇದರಿಂದ ಬಸ್ಸಿನ ಸದ್ದನ್ನು ಮಾತ್ರ ಎತ್ತಿಕೊಂಡರು. ಇದ್ದಕ್ಕಿದ್ದಂತೆ ಬಾಗಿಲು ಬಡಿಯುವುದು, ಬೆಕ್ಕು ಹಾರುವುದು, ಕಿವಿ ಹರಿಯುವಂತೆ ಪಿಟೀಲು ಕೀರುವುದು. ಅದಕ್ಕೆ ಮುಂಚಿನ ಮೌನವನ್ನು ಕಟ್ಟುವ ತಾಳ್ಮೆ ಹೆಚ್ಚಿನವರಿಗೆ ಇರಲಿಲ್ಲ. ಬೆಚ್ಚಿ ಬೀಳುವುದು ಮೈಯ ಕೆಲಸ, ಅದು ಕ್ಷಣದಲ್ಲಿ ಮುಗಿಯುತ್ತದೆ. ಅಂಜಿಕೆ ಮನಸ್ಸಿನ ಕೆಲಸ, ಅದಕ್ಕೆ ಹೊತ್ತು ಬೇಕು.

ನಮ್ಮ ದೇಶದಲ್ಲಿ ಈ ಮೌನವನ್ನು ಹಾಡಿನೊಳಕ್ಕೇ ತಂದದ್ದು ಕಮಾಲ್ ಅಮ್ರೋಹಿಯವರ 'ಮಹಲ್' (1949). ಜರ್ಮನಿಯಿಂದ ಬಂದು ಬಾಂಬೆ ಟಾಕೀಸ್ ಸೇರಿದ್ದ ಜೋಸೆಫ್ ವಿರ್ಶಿಂಗ್ ಅದರ ಛಾಯಾಗ್ರಾಹಕ. ಪಾಳು ಮಹಲಿನಲ್ಲಿ ಹೆಣ್ಣುದನಿಯೊಂದು ಎಲ್ಲಿಂದಲೋ ತೇಲಿ ಬರುತ್ತದೆ, ಹತ್ತಿರವಾಗುತ್ತದೆ, ಹುಡುಕಿ ಹೋದರೆ ಯಾರೂ ಇಲ್ಲ. ಆ ದೂರವನ್ನು ದನಿಯಲ್ಲಿ ತರಲು ತಾವು ಕೋಣೆಯ ಮೂಲೆಯಿಂದ ಹಾಡುತ್ತ ಮೈಕಿನ ಕಡೆಗೆ ನಡೆದು ಬಂದದ್ದನ್ನು ಲತಾ ಮಂಗೇಶ್ಕರ್ ಹೇಳಿಕೊಂಡಿದ್ದಾರೆ. ಯಂತ್ರದ ಯಾವ ಚಮತ್ಕಾರವೂ ಇಲ್ಲ, ಬರೀ ನಾಲ್ಕು ಹೆಜ್ಜೆ ನಡಿಗೆ. ದನಿ ಇದೆ, ದೇಹವಿಲ್ಲ. ಗಾಳಿ ಎಂದರೆ ಇದೇ.

ಇಂಥ ಕುಸುರಿ ನಮ್ಮೂರುಗಳಲ್ಲಿ ನಮಗೆ ಹೇಗೆ ತಲುಪುತ್ತದೆ ಎಂಬುದೂ ವಿಮರ್ಶೆಯ ಭಾಗವೇ. ಬಳ್ಳಾರಿಯ ಚಿತ್ರಮಂದಿರದಲ್ಲಿ ಕೂತಾಗ ಮೌನದ ದೃಶ್ಯ ಬಂದರೆ ಹಿಂದಿನ ಸಾಲಿನಿಂದ ಸಿಳ್ಳೆ ಬರುತ್ತದೆ, ಯಾರೋ ಬೆಕ್ಕಿನಂತೆ ಕೂಗುತ್ತಾರೆ, ಇಡೀ ಮಂದಿರ ನಗುತ್ತದೆ. ಇದನ್ನು ಪ್ರೇಕ್ಷಕರ ಒರಟುತನ ಎನ್ನಲು ನಾವು ಒಪ್ಪುವುದಿಲ್ಲ. ಕತ್ತಲಲ್ಲಿ ಸಿಳ್ಳೆ ಹಾಕುವವನು ಅಂಜಿದವನೇ. ಸಿಳ್ಳೆ ಬಿತ್ತೆಂದರೆ ದೃಶ್ಯ ಗೆದ್ದಿದೆ ಎಂದೇ ಅರ್ಥ. ಸಿರುಗುಪ್ಪದ ಮನೆಯಲ್ಲಿ ಟಿ.ವಿ. ಮುಂದೆ ಅದೇ ಚಿತ್ರ ನೋಡಿದರೆ ಜಾಹೀರಾತು ಬಂದು ಕಟ್ಟಿದ ಬಿಗುವನ್ನು ಸಡಿಲಿಸುತ್ತದೆ. ಕುರುಗೋಡಿನ ಮಾಳಿಗೆಯ ಮೇಲೆ ಬೇಸಿಗೆಯ ರಾತ್ರಿ ಮೊಬೈಲಿನಲ್ಲಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡುವ ಹುಡುಗನಿಗೆ ಮಾತ್ರ ಚಿತ್ರ ಒಂಟಿಯಾಗಿ ಸಿಗುತ್ತದೆ. ತೆರೆ ಅಂಗೈಯಷ್ಟು, ಸದ್ದು ಮಾತ್ರ ತಲೆಯೊಳಗೇ. ನೆರಳು ಸಣ್ಣದಾಗಿ ಗಾಳಿ ದೊಡ್ಡದಾಗಿರುವ ಕಾಲ ಇದು. ಹಾಗಾಗಿಯೇ ಈಗಿನ ಒಳ್ಳೆಯ ಭಯದ ಚಿತ್ರಗಳಲ್ಲಿ ಧ್ವನಿಯ ಕೆಲಸಕ್ಕೆ ಛಾಯಾಗ್ರಹಣದಷ್ಟೇ ತೂಕವಿದೆ.

ಕನ್ನಡದ ಕಡೆಗೆ ಬರೋಣ. 'ನಾ ನಿನ್ನ ಬಿಡಲಾರೆ' (1979) ಕನ್ನಡಿಗರ ಒಂದಿಡೀ ತಲೆಮಾರನ್ನು ಹೆದರಿಸಿದ ಚಿತ್ರ. ಅದರ ವಿಶೇಷವೆಂದರೆ ಹೆಣ್ಣಿನ ಆತ್ಮ ಹೊಕ್ಕುವುದು ಗಂಡಸಿನ ಮೈಯನ್ನು. ಅನಂತ್ ನಾಗ್ ಅವರ ಸೌಮ್ಯ ಮುಖದಲ್ಲಿ ಒಂದೊಂದೇ ಗೆರೆ ಬದಲಾಗುತ್ತ ಹೋಗುವುದನ್ನು ಇಂದಿಗೂ ನೋಡಬಹುದು. ಮನೆಯವರಿಗೆ ಗುರುತಿದ್ದ ಗಂಡ ಸ್ವಲ್ಪ ಸ್ವಲ್ಪವೇ ಗುರುತು ಸಿಗದವನಾಗುವ ಆ ಮೊದಲ ಭಾಗ, ಚಿತ್ರದ ಪ್ರಸಾಧನ, ಅಬ್ಬರಗಳೆಲ್ಲಕ್ಕಿಂತ ಶಕ್ತವಾಗಿದೆ. ಕೊನೆಗೆ ಪರಿಹಾರ ಸಿಗುವುದು ಮಂತ್ರಾಲಯದಲ್ಲಿ. ಸಿರುಗುಪ್ಪದವರಿಗೆ ಮಂತ್ರಾಲಯ ಹತ್ತಿರದ ಊರು, ತುಂಗಭದ್ರೆ ಇಲ್ಲೂ ಅಲ್ಲೂ ಹರಿಯುವ ಒಂದೇ ಹೊಳೆ. ಭಕ್ತಿ ಬಂದು ಭಯವನ್ನು ಕಳೆಯುವ ಈ ಮುಕ್ತಾಯದ ಬಗ್ಗೆ ನಮ್ಮ ತಕರಾರಿಲ್ಲ. ಮನೆಗೆ ನೆಮ್ಮದಿಯಿಂದ ಮರಳಬೇಕೆಂಬುದು ಪ್ರೇಕ್ಷಕನ ನ್ಯಾಯವಾದ ಆಸೆ. ಆದರೆ ಚಿತ್ರ ನೆನಪಲ್ಲಿ ಉಳಿದದ್ದು ಆ ನೆಮ್ಮದಿಯಿಂದಲ್ಲ.

'ಆಪ್ತಮಿತ್ರ' (2004) ಇನ್ನೂ ಕುತೂಹಲದ ಪ್ರಕರಣ. ಫಾಜಿಲ್ ನಿರ್ದೇಶನದ ಮಲಯಾಳಂ ಚಿತ್ರ 'ಮಣಿಚಿತ್ರತಾಳ್' (1993) ಇದರ ಮೂಲ. ಮೂಲದಲ್ಲಿ ಬೀಗ ಹಾಕಿದ ಒಂದು ಕೋಣೆ, ಒಂಟಿತನದಲ್ಲಿ ಬೆಳೆದ ಒಬ್ಬ ಹೆಣ್ಣುಮಗಳು, ಹಳೆಯದೊಂದು ಅನ್ಯಾಯದ ಕತೆ ಇಷ್ಟರಿಂದಲೇ ಅಂಜಿಕೆ ಹುಟ್ಟುತ್ತದೆ. ಪಿ. ವಾಸು ಅವರ ಕನ್ನಡ ರೂಪದಲ್ಲಿ ನಾಯಕನ ವೈಭವ, ಹಾಸ್ಯಗಳು ಜಾಗ ಪಡೆದವು. ಆದರೂ ಸೌಂದರ್ಯ ಅವರ ಅಭಿನಯ ಚಿತ್ರವನ್ನು ಎತ್ತಿ ಹಿಡಿಯಿತು. ನಮ್ಮ ಗಮನ ಇಲ್ಲಿ ಬೇರೊಂದು ಕಡೆಗೆ. ಮಲಯಾಳಂ ಚಿತ್ರದ ನಾಗವಲ್ಲಿ ಮಾತಾಡುವುದು ತಮಿಳಿನಲ್ಲಿ. ಕನ್ನಡಕ್ಕೆ ಬಂದಾಗ ಅವಳು ತೆಲುಗಿನಲ್ಲಿ ಹಾಡುತ್ತಾಳೆ. ತಮಿಳಿನ 'ಚಂದ್ರಮುಖಿ'ಯಲ್ಲೂ (2005) ತೆಲುಗೇ. ಹಿಂದಿಯ 'ಭೂಲ್ ಭುಲಯ್ಯಾ'ದಲ್ಲಿ (2007) ದೆವ್ವ ಬಂಗಾಳಿಯಾಯಿತು. ಅಂದರೆ ಪ್ರತಿಯೊಂದು ಭಾಷೆಯ ಚಿತ್ರವೂ ತನ್ನ ದೆವ್ವಕ್ಕೆ ಪಕ್ಕದವರ ಭಾಷೆಯನ್ನೇ ಕೊಟ್ಟಿದೆ!

ಮನೆಯ ಸೊಸೆಯ ಬಾಯಲ್ಲಿ ಇದ್ದಕ್ಕಿದ್ದಂತೆ ಪರಭಾಷೆ ಕೇಳಿದರೆ ಮೈ ಜುಂ ಎನ್ನುತ್ತದೆ, ನಿಜ. ಆದರೆ ಬಳ್ಳಾರಿಯಲ್ಲಿ ಈ ತಂತ್ರ ನಡೆಯುವುದಿಲ್ಲ. 1953ರಲ್ಲಿ ಮದ್ರಾಸು ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಸೇರಿದ ಈ ಊರಿನಲ್ಲಿ ಅಂಗಡಿಯ ಮಾತು ಕನ್ನಡವಾದರೆ ಅಡುಗೆಮನೆಯ ಮಾತು ತೆಲುಗಾಗಿರಬಹುದು, ಪಕ್ಕದ ಮನೆಯದು ದಖನಿಯಾಗಿರಬಹುದು. ಇಲ್ಲಿನವರಿಗೆ ತೆಲುಗು ಹಾಡುವ ಹೆಣ್ಣು ದೆವ್ವದಂತೆ ಕಾಣುವುದಿಲ್ಲ, ಎದುರು ಮನೆಯ ಅಕ್ಕನಂತೆ ಕಾಣುತ್ತಾಳೆ. ಇದೇ ಮಾತನ್ನು ನಮಗೂ ತಿರುಗಿಸಿ ಕೇಳಬೇಕು. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಬಂದ ಸದಾನಂದ ಸುವರ್ಣರ 'ಗುಡ್ಡದ ಭೂತ' ಧಾರಾವಾಹಿಯ ಶೀರ್ಷಿಕೆ ಗೀತೆ ಕೇಳಿದರೆ ಬಯಲುಸೀಮೆಯ ಮಕ್ಕಳು ಕಂಬಳಿ ಹೊದೆಯುತ್ತಿದ್ದರು. ಅದು ತುಳು ಹಾಡು. ಅದರ ಅರ್ಥ ತಿಳಿಯದಿದ್ದದ್ದೂ ನಮ್ಮ ಹೆದರಿಕೆಯ ಒಂದು ಪಾಲು. ಕರಾವಳಿಯ ಮನೆಗಳಲ್ಲಿ ಅದು ಅಜ್ಜಿಯ ಭಾಷೆ. ಒಬ್ಬರ ಅಂಗಳ ಇನ್ನೊಬ್ಬರ ಸ್ಮಶಾನವಾಗುವುದು ಹೀಗೆ.

ಭೂಗೋಳದ ವಿಷಯದಲ್ಲೂ ಕನ್ನಡ ಚಿತ್ರಗಳು ಹೀಗೆಯೇ ಒಂದು ರೂಢಿಗೆ ಬಿದ್ದಿವೆ. ಅನೂಪ್ ಭಂಡಾರಿಯವರ 'ರಂಗಿತರಂಗ' (2015) ಮಳೆ, ಮಂಜು, ಮರಗಳಿಂದ ಒಂದು ಹದವನ್ನು ಕಟ್ಟಿತು. '6-5=2' (2013) ಚಾರಣಕ್ಕೆ ಹೋದವರನ್ನು ಕಾಡಿನಲ್ಲಿ ಕಳೆದುಹಾಕಿತು. ಕನ್ನಡದ ದೆವ್ವಕ್ಕೆ ಸಹ್ಯಾದ್ರಿಯ ತಂಪೇ ಬೇಕೆನ್ನುವಂತಾಗಿದೆ. ನಲವತ್ತು ಡಿಗ್ರಿ ಬಿಸಿಲಿನ ನಮ್ಮ ಸೀಮೆಗೆ ಅಂಜಿಕೆಯೇ ಇಲ್ಲವೆ? ನಮ್ಮ ಹಿರಿಯರು ಅಮಾವಾಸ್ಯೆಯ ರಾತ್ರಿಯಷ್ಟೇ ನಡುಮಧ್ಯಾಹ್ನಕ್ಕೂ ಹೆದರುತ್ತಿದ್ದರು. ನೆತ್ತಿಯ ಮೇಲೆ ಸೂರ್ಯ, ಕಾಲಡಿಗೇ ಕುಗ್ಗಿದ ನೆರಳು, ಹೊಲದಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಆ ಹೊತ್ತಿನಲ್ಲಿ ಮಕ್ಕಳನ್ನು ಹುಣಸೆಮರದ ಕಡೆಗೆ ಬಿಡುತ್ತಿರಲಿಲ್ಲ.

ಆಸ್ಟ್ರೇಲಿಯಾದ ಪೀಟರ್ ವಿಯರ್ ಈ ನಡುಹಗಲಿನ ಭಯವನ್ನು 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್' (1975) ಚಿತ್ರದಲ್ಲಿ ಹಿಡಿದರು. ಶಾಲೆಯ ಹುಡುಗಿಯರು ಬಂಡೆಗಳ ಬೆಟ್ಟಕ್ಕೆ ಹೋಗುತ್ತಾರೆ. ಹನ್ನೆರಡಕ್ಕೆ ಗಡಿಯಾರಗಳು ನಿಂತುಬಿಡುತ್ತವೆ. ಕೆಲವರು ಬಂಡೆಗಳ ನಡುವೆ ಹತ್ತಿ ಹೋಗಿ ಕಾಣೆಯಾಗುತ್ತಾರೆ. ಏನಾಯಿತೆಂದು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಅದನ್ನು ನೋಡುವಾಗ ನಮಗೆ ಕುರುಗೋಡಿನ ಗುಡ್ಡಗಳೂ ಬಳ್ಳಾರಿಯ ಕೋಟೆಯ ಬಂಡೆಗಳೂ ಕಣ್ಣಿಗೆ ಕಟ್ಟಿದವು. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ನಿಂತ, ಮನುಷ್ಯನ ವಯಸ್ಸಿಗೆ ಲೆಕ್ಕಕ್ಕೇ ಸಿಗದ ಕಲ್ಲುಗಳು. ಇನ್ನು ಸಂಡೂರಿನ ಕಡೆಯ ಕೆಂಪು ಗುಂಡಿಗಳನ್ನು ನೋಡಿ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ ಲಾರಿಗಳ ಸದ್ದು ಒಮ್ಮೆಲೇ ನಿಂತಿತಲ್ಲ, ಆ ನಿಶ್ಶಬ್ದಕ್ಕೆ ಕ್ಯಾಮರಾ ಹಿಡಿಯುವ ನಿರ್ದೇಶಕ ಇನ್ನೂ ಬರಬೇಕಾಗಿದೆ. ಅಲ್ಲಿ ದೆವ್ವವನ್ನು ಕಟ್ಟುಕತೆಯಿಂದ ತರಬೇಕಾಗಿಲ್ಲ. ಬೆಟ್ಟವಿದ್ದ ಕಡೆ ಬೆಟ್ಟವಿಲ್ಲ ಎಂಬುದೇ ಸಾಕು.

ಈಗ ಮುಖದ ಪ್ರಶ್ನೆ. ಗೊಂಬೆಯನ್ನು ದೂರ ಹಿಡಿಯುವ ತಾಳ್ಮೆ ತಪ್ಪಿದಾಗ ಚಿತ್ರ ಭಯಕ್ಕೊಂದು ಮುಖ ಹಚ್ಚಲೇಬೇಕಾಗುತ್ತದೆ. ಆ ಮುಖ ಯಾರದ್ದು? ಕೂದಲು ಕೆದರಿದ, ಬಿಳಿ ಸೀರೆಯ ಹೆಣ್ಣಿನದು. ಇಲ್ಲವೆ ಕಪ್ಪು ಮೈಯ, ಕೆಂಪು ಕಣ್ಣಿನ ಕಾಡುಜನರದು. ಇಲ್ಲವೆ ಸ್ಮಶಾನ ಕಾಯುವವನದು, ಭಿಕ್ಷುಕನದು, ಹುಚ್ಚಿಯದು. ಹಸಿರು ಬಟ್ಟೆ, ಲೋಬಾನದ ಹೊಗೆಯ ಫಕೀರನನ್ನು ಕೂಡ ಹಿನ್ನೆಲೆಯ ಅಲಂಕಾರವಾಗಿ ತರುತ್ತಾರೆ. ಅವನು ಒಳ್ಳೆಯವನಾಗಿ ತಾಯತ ಕಟ್ಟಿದರೂ ಸರಿ, ಬಂದೊಡನೆ ಸಂಗೀತ ಬದಲಾಗುತ್ತದೆ. ಸಮಾಜದಲ್ಲಿ ಮೊದಲೇ ಅಂಚಿಗೆ ಸರಿಸಲ್ಪಟ್ಟವರ ಮುಖಗಳೇ ಭಯದ ಮುಖಗಳಾಗಿ ಅಗ್ಗಕ್ಕೆ ಸಿಗುತ್ತವೆ. ಇದರಲ್ಲಿ ದುರುದ್ದೇಶಕ್ಕಿಂತ ಸೋಮಾರಿತನವೇ ಹೆಚ್ಚು. ಆದರೆ ಸೋಮಾರಿತನದ ಫಲವನ್ನು ಉಣ್ಣುವವರು ಬೇರೆಯವರು.

ಒಳ್ಳೆಯ ಚಿತ್ರಗಳು ಈ ಹಾದಿಯನ್ನು ತಿರುಗಿಸಿ ನಮ್ಮ ಕಡೆಗೇ ತರುತ್ತವೆ. ಪವನ್ ಕುಮಾರ್ ಅವರ 'ಯೂ ಟರ್ನ್' (2016) ನಡೆಯುವುದು ಬೆಂಗಳೂರಿನ ಒಂದು ಮೇಲ್ಸೇತುವೆಯ ಸುತ್ತ. ಸವಾರರು ರಸ್ತೆ ವಿಭಜಕದ ಕಲ್ಲು ಸರಿಸಿ ಅಡ್ಡಹಾದಿ ಮಾಡಿಕೊಂಡು ತಿರುಗುತ್ತಾರೆ. ಕಲ್ಲು ಮಾತ್ರ ರಸ್ತೆಯಲ್ಲೇ ಉಳಿಯುತ್ತದೆ. ಸಾವು ಶುರುವಾಗುವುದು ಅಲ್ಲಿಂದ. ಆತುರದಲ್ಲಿ ಕಲ್ಲು ಸರಿಸದವರು ನಮ್ಮಲ್ಲಿ ಯಾರು? ಇರಾನ್ ಮೂಲದ ಬಾಬಕ್ ಅನ್ವರಿಯವರ ಪಾರ್ಸಿ ಭಾಷೆಯ ಚಿತ್ರ 'ಅಂಡರ್ ದಿ ಶ್ಯಾಡೋ' (2016) ಇನ್ನೊಂದು ಮಾದರಿ. ಪಾರ್ಸಿಯಲ್ಲಿ ಅದರ ಹೆಸರಲ್ಲೂ ಸಾಯಾ ಇದೆ, 'ಜೇರೆ ಸಾಯೆ'. ಇರಾನ್-ಇರಾಕ್ ಯುದ್ಧದ ಕಾಲದ ಟೆಹರಾನಿನಲ್ಲಿ, ವೈದ್ಯಕೀಯ ಓದನ್ನು ಮುಂದುವರಿಸಲು ಬಿಡದ ವ್ಯವಸ್ಥೆಯ ನಡುವೆ, ತಾಯಿಯೊಬ್ಬಳು ಮಗಳೊಂದಿಗೆ ಮನೆಯಲ್ಲಿದ್ದಾಳೆ. ಮಹಡಿಗೆ ಕ್ಷಿಪಣಿ ಬೀಳುತ್ತದೆ, ಸಿಡಿಯುವುದಿಲ್ಲ. ಅಂದಿನಿಂದ ಜಿನ್ನ್ ಹೊಕ್ಕಿದೆ ಎಂಬ ಮಾತು. ಗಾಳಿಯ ಜೊತೆ ಬರುವ ಆ ಜಿನ್ನ್ ನಿಜವೋ, ಯುದ್ಧವೋ, ತಾಯಿಯ ಒಳಗಿನ ಸಂಕಟವೋ ಎಂದು ಬಿಡಿಸಿ ಹೇಳಲಾಗದಂತೆ ಚಿತ್ರ ಹೆಣೆದುಕೊಂಡಿದೆ. ಹೆದರಿ ಬರಿತಲೆಯಲ್ಲಿ ಬೀದಿಗೆ ಓಡಿದವಳನ್ನು ಮೊದಲು ಹಿಡಿಯುವುದು ಕಾವಲುಪಡೆ. ಮನೆಯೊಳಗಿನ ಭಯಕ್ಕೂ ಮನೆಯ ಹೊರಗಿನ ಭಯಕ್ಕೂ ನಡುವೆ ಬಾಗಿಲೇ ಇಲ್ಲ.

ಭಯವನ್ನು ಗೆಳೆತನದವರೆಗೆ ಒಯ್ದ ಕತೆಯೂ ನಮ್ಮ ನೆರೆಯಲ್ಲೇ ಇದೆ. ವೈಕಂ ಮುಹಮ್ಮದ್ ಬಷೀರ್ ಅವರ 'ನೀಲವೆಳಿಚ್ಚಂ' ಕತೆಯನ್ನು ಆಧರಿಸಿ, ಅವರದೇ ಚಿತ್ರಕತೆಯಲ್ಲಿ ಎ. ವಿನ್ಸೆಂಟ್ 'ಭಾರ್ಗವಿ ನಿಲಯಂ' (1964) ಮಾಡಿದರು. ದೆವ್ವದ ಮನೆಯೆಂದು ಊರೇ ದೂರವಿಟ್ಟ ಮನೆಗೆ ಬಾಡಿಗೆಗೆ ಬಂದ ಬರಹಗಾರ, ಸತ್ತ ಹುಡುಗಿ ಭಾರ್ಗವಿಯ ಜೊತೆ ಮಾತಾಡುತ್ತ ಬದುಕುತ್ತಾನೆ. ಕತೆಯಲ್ಲಿ ಒಂದು ರಾತ್ರಿ ದೀಪದ ಎಣ್ಣೆ ತೀರುತ್ತದೆ. ಎಣ್ಣೆ ತರಲು ಹೋಗಿ ಬಂದು ನೋಡಿದರೆ ಕೋಣೆಯ ತುಂಬ ನೀಲಿ ಬೆಳಕು. ಅದನ್ನು ಹೊತ್ತಿಸಿದವರು ಯಾರೆಂಬ ಪ್ರಶ್ನೆಗೆ ಬಷೀರ್ ಉತ್ತರ ಕೊಡುವುದಿಲ್ಲ. ಊರಿನವರು ಆ ಹುಡುಗಿಯ ಬಗ್ಗೆ ಹೇಳಿದ್ದನ್ನು ನಂಬುವ ಬದಲು ಅವಳನ್ನೇ ಕೇಳಿದ ಮನುಷ್ಯನಿಗೆ ಸಿಕ್ಕಿದ್ದು ಬೆಳಕು.

ಇದೆಲ್ಲ ತೆರೆಯ ಮೇಲಿನ ಮಾತು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ರಾತ್ರಿ ಬಂದು ಗುರುತಿನವರ ದನಿಯಲ್ಲಿ ಕರೆಯುವ ಹೆಣ್ಣಿನ ಸುದ್ದಿ ಅದು. ಅಳುಕಿತ್ತು, ಆದರೆ ಅದರಲ್ಲಿ ಒಂದು ತಮಾಷೆಯೂ ಇತ್ತು. ದೆವ್ವಕ್ಕೂ ಓದಲು ಬರುತ್ತದೆ, ಹೇಳಿದ ಮಾತು ಕೇಳುತ್ತದೆ ಎಂಬ ಭರವಸೆ. 2018ರಲ್ಲಿ ಹರಡಿದ ಮಕ್ಕಳ ಕಳ್ಳರ ವದಂತಿಯಲ್ಲಿ ಆ ತಮಾಷೆ ಇರಲಿಲ್ಲ. ಆಗ ಮೊಬೈಲುಗಳಲ್ಲಿ ಓಡಾಡಿದ ಒಂದು ತುಣುಕಿನಲ್ಲಿ ಬೈಕಿನ ಮೇಲೆ ಬಂದವರು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮಕ್ಕಳ ಸುರಕ್ಷತೆಗಾಗಿ ಕರಾಚಿಯಲ್ಲಿ ತೆಗೆದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ಮರಳಿ ಬಿಟ್ಟು ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. ಸಂಕಲನದ ಒಂದೇ ಕತ್ತರಿ! ಆ ವರ್ಷ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಕಳ್ಳರೆಂದು ಗುಂಪು ಬೆನ್ನಟ್ಟಿತು. ಹೈದರಾಬಾದಿನ ಯುವ ಇಂಜಿನಿಯರೊಬ್ಬರು ಪ್ರಾಣ ಕಳೆದುಕೊಂಡರು. ಗಾಳಿಯಾಗಿದ್ದ ಭಯಕ್ಕೆ ಅಲ್ಲಿ ಒಂದು ಮುಖ ಸಿಕ್ಕಿತ್ತು.

ಭಯದ ಚಿತ್ರಗಳು ಗುಂಪನ್ನು ಹುಟ್ಟಿಸುತ್ತವೆ ಎಂದು ನಾವು ಹೇಳುತ್ತಿಲ್ಲ. ಅಂಥ ನೇರ ಲೆಕ್ಕ ಕಲೆಗೂ ಸಲ್ಲದು, ಸಮಾಜಕ್ಕೂ ಸಲ್ಲದು. ಆದರೆ ಅಳುಕನ್ನು ಅಳುಕಾಗಿಯೇ ಸ್ವಲ್ಪ ಹೊತ್ತು ಎದೆಯಲ್ಲಿಟ್ಟುಕೊಂಡು ಕೂರುವುದು ಒಂದು ಅಭ್ಯಾಸ. ಅದನ್ನು ಕಲಿಸುವ ಶಕ್ತಿ ಒಳ್ಳೆಯ ಚಿತ್ರಕ್ಕಿದೆ, ಕೆಡಿಸುವ ಶಕ್ತಿ ಕೆಟ್ಟ ಚಿತ್ರಕ್ಕಿದೆ. 2025ರಲ್ಲಿ ಜನ ಮುಗಿಬಿದ್ದು ನೋಡಿದ ಜೆ.ಪಿ. ತುಮಿನಾಡ್ ಅವರ 'ಸು ಫ್ರಮ್ ಸೋ' ಇದನ್ನೇ ನಗಿಸುತ್ತ ತೋರಿಸಿತು. ಹುಡುಗನೊಬ್ಬ ತನ್ನ ತಪ್ಪು ಮುಚ್ಚಿಕೊಳ್ಳಲು ಆಡಿದ ನಾಟಕಕ್ಕೆ ಊರಿನವರೇ ಹೆಸರು, ವಿಳಾಸ ಕೊಟ್ಟು ದೆವ್ವವನ್ನು ತಯಾರು ಮಾಡುತ್ತಾರೆ. ದೆವ್ವಕ್ಕೆ ಹೆಸರಿಡುವವರು ನಾವೇ ಎಂದು ಅರಿತು ನಕ್ಕ ಪ್ರೇಕ್ಷಕ, ಮುಂದಿನ ಸಲ ಮೊಬೈಲಿಗೆ ಬಂದ ತುಣುಕನ್ನು ಮುಂದೂಡುವ ಮೊದಲು ಒಂದು ಗಳಿಗೆ ನಿಂತಾನು ಎಂದು ಆಸೆಪಡಬಹುದು.

ಆದ್ದರಿಂದ ಭಯದ ಚಿತ್ರವೊಂದನ್ನು ನೋಡಿ ಬಂದಾಗ 'ಎಷ್ಟು ಹೆದರಿದೆವು' ಎಂದು ಕೇಳಿಕೊಂಡರೆ ಸಾಲದು. ಯಾರನ್ನು ಕಂಡು ಹೆದರಿದೆವು, ಆ ಮುಖವನ್ನು ಅಲ್ಲಿ ಹಚ್ಚಿದವರು ಯಾರು, ಚಿತ್ರಮಂದಿರದ ಹೊರಗೆ ಅದೇ ಮುಖದವರು ಎದುರಾದರೆ ಏನು ಮಾಡುತ್ತೇವೆ ಎಂದೂ ಕೇಳಬೇಕು. ಬಳ್ಳಾರಿಯ ಯಾವುದೋ ಓಣಿಯಲ್ಲಿ ಇವತ್ತು ಮೊಬೈಲಿನಲ್ಲಿ ಕಿರುಚಿತ್ರ ತೆಗೆಯುತ್ತಿರುವ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಅವರ ಹತ್ತಿರ ಹಣವಿಲ್ಲ, ಗ್ರಾಫಿಕ್ಸ್ ಇಲ್ಲ. ಬಂಡೆ, ಬಿಸಿಲು, ಮೂರು ಭಾಷೆ, ಖಾಲಿ ಗಣಿ ಮತ್ತು ನಿಶ್ಶಬ್ದ ಇವೆ. ಅಷ್ಟಿದ್ದರೆ ಸಾಕು. ಗೊಂಬೆಯನ್ನು ಪರದೆಗೆ ಒತ್ತಲು ಅವಸರ ಮಾಡದಿದ್ದರೆ ಆಯಿತು.